ಅಲ್ವಾ ಇಲ್ಲದ ಪ್ರಶ್ನೆ

ಅವಳಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಕಾಗದಪತ್ರಗಳಲ್ಲಿ ಬಿಟ್ಟರೆ ಅದು ಬೇರೆಲ್ಲೂ ಉಳಿದಿರಲಿಲ್ಲ. ಉಳಿದದ್ದು ಅಣ್ಣ ಇಟ್ಟ ಹೆಸರು, ಅರ್ಧಮ್ಮ. ಹೆಸರು ಸುಮ್ಮನೆ ಬಂದದ್ದಲ್ಲ. ಹೊಲಿಗೆ ಕಲಿಯಲು ಹೋಗಿ ಒಂದೇ ತೋಳಿನ ಅಂಗಿ ಹೊಲಿದು ಬಂದವಳು ಅವಳು. ಟೈಪಿಂಗ್ ಕ್ಲಾಸಿನಲ್ಲಿ ಎಡಗೈ ಪಳಗುವಷ್ಟರಲ್ಲಿ ಬಲಗೈಗೆ ಬೇಜಾರಾಯಿತೆಂದು ಎದ್ದು ಬಂದಿದ್ದಳು. ಕಾರು ಓಡಿಸುವುದನ್ನೂ ಕಲಿತಳು, ಆದರೆ ಹಿಂದಕ್ಕೆ ತೆಗೆಯುವ ಪಾಠ ಬರುವ ಮೊದಲೇ ಬಿಟ್ಟಳು. ಇವಳು ಕಾರು ತಗೊಂಡು ಹೊರಟರೆ ವಾಪಸ್ ತರಲು ಹಿಂದೆಯೇ ಇನ್ನೊಬ್ಬ ಡ್ರೈವರನ್ನು ಕಳಿಸಬೇಕು ಎಂದು ಅಣ್ಣ ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಈಗ ನಲವತ್ತು ದಾಟಿದ ಮೇಲೆ ಅವಳು ಹಿಡಿದದ್ದು ಪ್ರಕೃತಿ ಚಿಕಿತ್ಸೆಯ ಕಲಿಕೆ. ಹಿಡಿದ ಕಾರಣವೂ ಅಂಥ ದೊಡ್ಡದೇನಲ್ಲ. ವರ್ಷಗಟ್ಟಲೆ ಕಾಡಿದ ತಲೆನೋವಿಗೆ ಯಾರೋ ಹೇಳಿದರೆಂದು ಅಂಥದೊಂದು ಕೇಂದ್ರಕ್ಕೆ ಹೋದಳು. ಅಲ್ಲಿನವರು ಕಾಲನ್ನು ಬಿಸಿನೀರಿನಲ್ಲಿ ಇಡಿಸಿದರು, ಹೊಟ್ಟೆಯ ಮೇಲೆ ಒದ್ದೆ ಮಣ್ಣಿನ ಪಟ್ಟಿ ಹಾಕಿದರು, ರಾತ್ರಿ ಫೋನ್ ನೋಡುವುದನ್ನು ಬಿಡಿಸಿದರು. ತಲೆನೋವು ಹೋಯಿತು. ತಲೆನೋವಿನ ಜಾಗದಲ್ಲಿ ಈ ಹುಚ್ಚು ಬಂದು ಕೂತಿತು ಎಂಬುದು ಅವಳ ಗಂಡನ ಮಾತು. ಅವನು ಲಿಫ್ಟ್ ರಿಪೇರಿ ಮಾಡುವವನು, ದಿನವಿಡೀ ಮೇಲೆ ಕೆಳಗೆ ಓಡಾಡಿ ಮನೆಗೆ ಬಂದರೆ ಇವಳು ಅವನ ನಾಲಿಗೆ ಹೊರಗೆ ಹಾಕಿಸಿ ಟಾರ್ಚು ಬಿಟ್ಟು ನೋಡುತ್ತಿದ್ದಳು. ಇದೂ ಎಷ್ಟು ದಿನ, ತಡೆದುಕೊಂಡರಾಯಿತು ಎಂದುಕೊಂಡು ಅವನು ನಾಲಿಗೆ ಹಾಕುತ್ತಿದ್ದ.

ಆದರೆ ಈ ಸಲ ಹಾಗಾಗಲಿಲ್ಲ. ಎರಡು ವರ್ಷದ ಪಾಠ, ಮೈ ಉಜ್ಜುವುದು, ಹಬೆ ಕೊಡುವುದು, ಉಪವಾಸ ಮಾಡಿಸುವುದು, ಉಪವಾಸ ಬಿಡಿಸುವುದು, ಎಲ್ಲ ಮುಗಿಯಿತು. ಉಳಿದದ್ದು ಒಂದೇ. ಕಲಿಯುವ ಪ್ರತಿಯೊಬ್ಬರೂ ಒಬ್ಬ ಮನುಷ್ಯನನ್ನು ಒಂದೂವರೆ ತಿಂಗಳು ತಾವೇ ನೋಡಿಕೊಂಡು, ಕೊನೆಯ ದಿನ ಅವರನ್ನು ಜೊತೆಗೇ ಕರೆತಂದು ಕೇಂದ್ರ ನಡೆಸುವ ದೊಡ್ಡ ಮೇಡಂ ಮುಂದೆ ಕೂರಬೇಕು. ಅದಾದರೆ ಕೈಗೆ ಸರ್ಟಿಫಿಕೇಟು. ಜೀವಮಾನದಲ್ಲಿ ಒಂದಾದರೂ ಕೆಲಸ ಪೂರ್ತಿ ಮಾಡಿದೆ ಅನ್ನಿಸಿಕೊಳ್ಳಬೇಕೆಂದು ಅವಳಿಗೆ ಎಂಥ ಹಸಿವಿತ್ತು ಅಂದರೆ, ಕನ್ನಡಿಯ ಮುಂದೆ ನಿಂತು ಸರ್ಟಿಫಿಕೇಟು ತೆಗೆದುಕೊಳ್ಳುವಾಗ ಹೇಗೆ ನಗಬೇಕು ಎಂದು ಕೂಡ ನೋಡಿಕೊಂಡಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮನುಷ್ಯ ಯಾರು ಎಂಬ ಪ್ರಶ್ನೆ ಬಂದಾಗ ಅಣ್ಣ ತಾನಾಗಿಯೇ ಒಪ್ಪಿಕೊಂಡ. ಅವನು ಬೀಗ ರಿಪೇರಿಯವನು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವನ ಅಂಗಡಿ, ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ ಮನೆ. ಐವತ್ತು ದಾಟಿದ ಮೈ, ಸ್ವಲ್ಪ ಹೊಟ್ಟೆ, ಇತ್ತೀಚೆಗೆ ಬೇಗ ಸುಸ್ತು. "ನನ್ ಮೇಲೇ ಕಲಿ ಬಿಡೇ, ಹಾಳಾದ್ರೆ ನಾನೊಬ್ಬನೇ ತಾನೆ ಹಾಳಾಗೋದು" ಅಂದ. ಅತ್ತಿಗೆ, ಅಂದರೆ ಅವನ ಹೆಂಡತಿ, ಒಳಗಿನಿಂದಲೇ ಬಾಯಿಗೆ ಬಂದದ್ದೆಲ್ಲ ಆಡಬೇಡಿ ಎಂದು ಗದರಿದಳು.

ದೊಡ್ಡ ಮೇಡಂ ಬಗ್ಗೆ ಹೇಳಲೇಬೇಕು. ಮೊದಲು ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ಆಮೇಲೆ ಈ ದಾರಿಗೆ ಬಂದವರು, ಎರಡೂ ಕಡೆಯವರನ್ನು ಸಮನಾಗಿ ಬೈಯುವವರು. ಅವರ ಕೇಂದ್ರದಲ್ಲಿ ಸದಾ ಒದ್ದೆ ಮಣ್ಣಿನ ವಾಸನೆ. ಬಾಗಿಲ ಪಕ್ಕ ಬಕೆಟ್ಟುಗಳಲ್ಲಿ ಮಣ್ಣು ನೆನೆಯುತ್ತಿರುತ್ತದೆ, ಒಳಗೆ ಸೊಂಟದ ಸ್ನಾನದ ತೊಟ್ಟಿಗಳು, ಮೂಲೆಯಲ್ಲಿ ತಲೆ ಮಾತ್ರ ಹೊರಗಿಟ್ಟು ಕೂರುವ ಮರದ ಹಬೆ ಪೆಟ್ಟಿಗೆ. ಮೇಡಂ ಇದಾವುದನ್ನೂ ದೊಡ್ಡ ವಿದ್ಯೆ ಎಂದುಕೊಂಡವರಲ್ಲ. ಮಣ್ಣು ಯಾರು ಬೇಕಾದರೂ ಕಲಸುತ್ತಾರೆ, ಕಷ್ಟವಿರುವುದು ಕೇಳುವುದರಲ್ಲಿ ಎನ್ನುತ್ತಿದ್ದರು. ಬಂದವರ ಎದುರು ಕೂತು, ಅವರು ಹೇಳಿ ಮುಗಿಸುವ ತನಕ ಬಾಯಿ ಮುಚ್ಚಿಕೊಂಡಿರುವುದು ಅವರ ಮೊದಲ ಪಾಠವೂ ಹೌದು, ಕೊನೆಯ ಪಾಠವೂ ಹೌದು.

ಅರ್ಧಮ್ಮನಿಗೆ ಬಾಯಿಗೆ ಬೀಗ ಹಾಕುವುದು ಅಂದರೆ ಉಸಿರು ಕಟ್ಟಿದಂತೆ. ಎದುರಿನವರು ಒಂದು ಕ್ಷಣ ತಡವರಿಸಿದರೂ ಸಾಕು, ಅವಳೇ ಅವರ ಮಾತನ್ನು ಪೂರ್ತಿ ಮಾಡುತ್ತಿದ್ದಳು. ತನ್ನ ಯಾವ ಕೆಲಸವನ್ನೂ ಪೂರ್ತಿ ಮಾಡದವಳು ಬೇರೆಯವರ ವಾಕ್ಯಗಳನ್ನು ಮಾತ್ರ ಒಂದನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಅದಕ್ಕೆ ಅವಳು ಬಳಸುತ್ತಿದ್ದ ಉಪಕರಣವೂ ಒಂದೇ, ಅಲ್ವಾ. ನಿದ್ದೆ ಬರುತ್ತೆ ಅಲ್ವಾ. ಹೊಟ್ಟೆ ಸರಿಹೋಯ್ತು ಅಲ್ವಾ. ಅಭ್ಯಾಸದ ತರಗತಿಯಲ್ಲಿ ಅವಳು ಅಲ್ವಾ ಅಂದಾಗಲೆಲ್ಲ ಮೇಡಂ ಪೆನ್ನಿನಿಂದ ಮೇಜು ಕುಟ್ಟುತ್ತಿದ್ದರು. ಒಂದು ದಿನ ಕುಟ್ಟಿ ಕುಟ್ಟಿ ಬೇಸತ್ತು ಪೆನ್ನನ್ನು ಅತ್ತ ಇಟ್ಟರು.

"ನೋಡಮ್ಮ, ಬಾಲದಲ್ಲಿ ಅಲ್ವಾ ಇದ್ರೆ ಅದು ಪ್ರಶ್ನೆ ಅಲ್ಲ. ಉತ್ತರ ನೀವೇ ಬರ್ಕೊಂಡು ಅವರ ಕೈಲಿ ಸಹಿ ಹಾಕಿಸ್ಕೊಳ್ತಿದೀರ. ಕಷ್ಟದಲ್ಲಿರೋರು ಯಾರು ಬೇಕಾದ್ರೂ ಸಹಿ ಹಾಕಿಬಿಡ್ತಾರೆ."

ತರಗತಿಯಲ್ಲಿ ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕು, ಹೌದು ಮೇಡಂ, ಇನ್ನು ಮೇಲೆ ಹಾಗೆ ಕೇಳಬಾರದು ಅಲ್ವಾ ಅಂದಳು.

ಅಣ್ಣನ ಆರೈಕೆ ಶುರುವಾಯಿತು. ವಾರಕ್ಕೊಮ್ಮೆ ಅವನು ಕೇಂದ್ರಕ್ಕೆ ಬಂದು ಹಬೆಯಲ್ಲಿ ಕೂರಬೇಕು, ನಡುವೆ ಅವಳೇ ಅವನ ಮನೆಗೆ ಹೋಗಿ ನೋಡಿ ಬರಬೇಕು. ಬೆಳಿಗ್ಗೆ ಹಣ್ಣು, ಮಧ್ಯಾಹ್ನ ಹಸಿ ತರಕಾರಿ, ಸಂಜೆ ಬೇಯಿಸಿದ ತರಕಾರಿ, ಉಪ್ಪು ಅಷ್ಟಕ್ಕಷ್ಟೇ. ಕರಿದದ್ದಕ್ಕೆ ಎಳ್ಳುನೀರು ಬಿಟ್ಟಾಯಿತು. ಹಸಿ ಎಲೆಕೋಸು ಅಗಿಯುತ್ತ ಅವನು, ನಾನು ಮಾಡಿದ ಪಾಪಕ್ಕೆ ಮೇಕೆಯಾಗಿ ಹುಟ್ಟಬೇಕಾಗಿತ್ತು, ದಯಾಮಯಿ ತಂಗಿ ಈ ಜನ್ಮದಲ್ಲೇ ಮುಗಿಸಿಕೊಡುತ್ತಿದ್ದಾಳೆ ಎನ್ನುತ್ತಿದ್ದ. ಎಷ್ಟು ತಮಾಷೆ ಮಾಡಿದರೂ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದ. ಹೆಂಡತಿಯ ಮಾತನ್ನು ಒಂದು ದಿನವೂ ಹೀಗೆ ಕೇಳಿದವನಲ್ಲ ಎಂದು ಅತ್ತಿಗೆಗೆ ಒಳಗೊಳಗೇ ಉರಿ.

ಅರ್ಧಮ್ಮ ಹೋದಾಗಲೆಲ್ಲ ಕಾಲಿಗೆ ಚಕ್ರ ಕಟ್ಟಿಕೊಂಡೇ ಹೋಗುತ್ತಿದ್ದಳು. ಒಂದು ಕೈಯಲ್ಲಿ ಅವನ ನಾಡಿ, ಇನ್ನೊಂದು ಕೈಯಲ್ಲಿ ಚೀಲದ ಜಿಪ್ಪು. ಕಣ್ಣು ಗಡಿಯಾರದ ಮೇಲೆ. ಅವನು ಒಂದು ಸಲ, ಯಾಕೋ ದವಡೆ ಹಿಡಿದ ಹಾಗೆ ಆಗುತ್ತೆ ಕಣೇ ಅಂದ. ಹಸಿ ತರಕಾರಿ ಅಗಿದು ಅಗಿದು ನೋವು ಬಂದಿದೆ ಅಲ್ವಾ ಅಂದಳು. ಅವನು ಹೂಂ ಅಂದ. ಇನ್ನೊಂದು ಸಲ ಎಡಗೈ ಜೋಮು ಅಂದ. ರಾತ್ರಿ ಆ ಮಗ್ಗುಲಲ್ಲೇ ಮಲಗಿದ್ದೆ ಅಲ್ವಾ. ಹೂಂ. ಬೆವರು ಜಾಸ್ತಿ ಅಂದ. ಅದು ಒಳಗಿನ ಕೆಟ್ಟದ್ದು ಹೊರಗೆ ಬರ್ತಾ ಇರೋದು, ಒಳ್ಳೇದೇ ಅಲ್ವಾ. ಅದಕ್ಕೂ ಹೂಂ. ಹೂಂ ಸಿಕ್ಕಿದ ಕೂಡಲೇ ಬರೆದುಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದಳು.

ಇನ್ನೊಂದು ವಿಷಯವನ್ನೂ ಅವಳು ಕಣ್ಣಾರೆ ಕಂಡಿದ್ದಳು, ಕಂಡು ನಕ್ಕಿದ್ದಳು. ಅಂಗಡಿ ಮುಚ್ಚಿ ಇಬ್ಬರೂ ಮನೆಗೆ ಹತ್ತುವಾಗ ಅಣ್ಣ ಪ್ರತಿ ಮಹಡಿಯ ತಿರುವಿನಲ್ಲೂ ನಿಂತು ಜೇಬಿನಿಂದ ಕೀಲಿ ಗೊಂಚಲು ತೆಗೆದು ಹುಡುಕುತ್ತಿದ್ದ. ಮನೆ ಬಾಗಿಲು ಇನ್ನೂ ಎಷ್ಟೋ ಮೇಲಿದೆ, ಕೀಲಿ ಯಾಕೆ ಈಗಲೇ? ಊರಿನ ಬೀಗವೆಲ್ಲ ತೆಗೆಯುವವನಿಗೆ ತನ್ನ ಮನೆಯ ಕೀಲಿ ಸಿಗುವುದಿಲ್ಲವೆಂದು ಅವಳು ಹಾಸ್ಯ ಮಾಡಿದಳು. ಅವನು ಗೊಂಚಲನ್ನೇ ನೋಡುತ್ತ ಹೂಂ ಅಂದ. ಆ ಹೂಂ ಹೇಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಗಿತ್ತು. ಅಷ್ಟರಲ್ಲಿ ಅವಳು ಎರಡು ಮೆಟ್ಟಿಲು ಮೇಲಿದ್ದಳು.

ಪರೀಕ್ಷೆಗೆ ಹಿಂದಿನ ದಿನ ಮೇಡಂ ಎಲ್ಲರನ್ನೂ ಕರೆಸಿ ಕೊನೆಯ ಅಭ್ಯಾಸ ಮಾಡಿಸಿದರು. ಜೋಡಿ ಜೋಡಿಯಾಗಿ ಕೂರಬೇಕು, ಒಬ್ಬರು ಕೇಳುವವರು, ಒಬ್ಬರು ಹೇಳುವವರು. ಅರ್ಧಮ್ಮನಿಗೆ ಜೋಡಿಯಾಗಿ ಸಿಕ್ಕಿದವರು ನಿವೃತ್ತ ಡ್ರಿಲ್ ಮೇಷ್ಟ್ರು. ಶಾಲೆ ಬಿಟ್ಟರೂ ಶಾಲೆ ಅವರನ್ನು ಬಿಟ್ಟಿರಲಿಲ್ಲ. ಬಂದವರಿಗೆ ಉಸಿರಾಟದ ಪಾಠ ಹೇಳುವಾಗಲೂ ಅವರ ಧ್ವನಿ ಮೈದಾನದ ಆಚೆ ತುದಿಗೆ ಕೇಳುವಂತಿರುತ್ತಿತ್ತು. ಆ ದಿನ ಅವರು ಕೇಳುವವರು, ಇವಳು ರೋಗಿ.

ನಿಜ ಹೇಳಬೇಕೆಂದರೆ ಅವಳು ಆ ವಾರ ಕಣ್ಣು ಮುಚ್ಚಿರಲಿಲ್ಲ. ಪರೀಕ್ಷೆಯ ಚಿಂತೆ, ಎಲ್ಲಿ ಕೊನೆಯ ಗಳಿಗೆಯಲ್ಲಿ ಏನಾಗುತ್ತದೋ ಎಂಬ ಭಯ, ಮೈಯೊಳಗೆ ಏನೋ ಸದಾ ಓಡುತ್ತಿರುವ ಹಾಗೆ. ಮಲಗಿದರೆ ಕಾಲು ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು. ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇದನ್ನೆಲ್ಲ ಹೇಳಿಕೊಳ್ಳೋಣ ಎಂದು ಅವಳಿಗೆ ಒಂದು ಕ್ಷಣ ನಿಜವಾಗಿಯೂ ಅನ್ನಿಸಿತು. ಯಾರೂ ಅವಳನ್ನು ಹೇಗಿದ್ದೀಯ ಎಂದು ಕೇಳಿ ಎಷ್ಟೋ ದಿನವಾಗಿತ್ತು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಮೀಸೆಯ ಮೇಲೆ ಕೈಯಾಡಿಸಿ ಕೇಳಿದರು: "ನಿದ್ದೆ ಚೆನ್ನಾಗಿ ಬರುತ್ತೆ ಅಲ್ವಾ?"

"ಹೂಂ" ಅಂದಳು ಅವಳು.

ಮೇಡಂ ಮೇಜು ಕುಟ್ಟಿದರು. ಮೇಷ್ಟ್ರು ಕಿವಿ ಹಿಡಿದುಕೊಂಡರು. ಸುತ್ತಲಿನವರು ನಕ್ಕರು. ಅರ್ಧಮ್ಮನಿಗೆ ಮಾತ್ರ ನಗು ಬರಲಿಲ್ಲ. ತನ್ನ ಬಾಯಿಂದ ಹೊರಬಿದ್ದ ಆ ಹೂಂ ಅವಳ ಕಿವಿಯಲ್ಲೇ ಉಳಿಯಿತು. ನಾನು ಯಾಕೆ ಹೂಂ ಅಂದೆ? ಸುಳ್ಳು ಹೇಳಬೇಕೆಂದೇನೂ ಇರಲಿಲ್ಲ. ಆ ಮನುಷ್ಯನ ಮುಖದಲ್ಲಿ ಹೂಂ ಎಂಬ ಉತ್ತರ ಮೊದಲೇ ಸಿದ್ಧವಾಗಿ ಕಾಯುತ್ತಿತ್ತು, ಇಲ್ಲ ಅನ್ನಲು ದಾಕ್ಷಿಣ್ಯವಾಯಿತು. ಇಷ್ಟು ದೊಡ್ಡ ಮನುಷ್ಯ ಇಷ್ಟು ಆಸೆಯಿಂದ ಕೇಳುತ್ತಿದ್ದಾನೆ, ಕೊಟ್ಟುಬಿಡೋಣ ಅನ್ನಿಸಿತು, ಅಷ್ಟೇ.

ಹಾಗೆ ಅನ್ನಿಸಿದ ಕೂಡಲೇ ಅಣ್ಣನ ಹೂಂಗಳೆಲ್ಲ ಒಂದರ ಹಿಂದೆ ಒಂದು ನೆನಪಾದವು. ದವಡೆಗೆ ಹೂಂ. ಕೈಗೆ ಹೂಂ. ಬೆವರಿಗೆ ಹೂಂ. ಅವುಗಳ ಹಿಂದೆ ಇನ್ನೂ ಒಂದಿತ್ತು, ಎಲ್ಲಕ್ಕಿಂತ ಮೊದಲಿನದು. ಹಬೆ ಪೆಟ್ಟಿಗೆಯಲ್ಲಿ ಕೂರಿಸುವ ಮುನ್ನ ಪ್ರತಿಯೊಬ್ಬರನ್ನೂ ಕೇಳಲೇಬೇಕಾದ ಪ್ರಶ್ನೆ ಅದು, ಆ ಪೆಟ್ಟಿಗೆಯ ಬಾಗಿಲ ಮೇಲೇ ಮೇಡಂ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದ್ದರು. ಅವಳು ಕೇಳಿದ್ದಳು. ಪೆಟ್ಟಿಗೆಯ ಬಾಗಿಲು ತೆರೆಯುತ್ತ, ಅವನ ಕಡೆ ನೋಡದೆ, ಎದೆನೋವು ಗಿದೆನೋವು ಏನೂ ಇಲ್ಲ ಅಲ್ವಾ ಅಣ್ಣ, ಅಂದಿದ್ದಳು.

ಅವಳು ಎದ್ದು ನಿಂತಳು. ಮೇಡಂ ಏನೆಂದು ಕೇಳಿದರು. ಅಣ್ಣನನ್ನು ಒಂದು ಸಲ ನೋಡಿ ಬರಬೇಕು ಎಂದಷ್ಟೇ ಹೇಳಿ ಚೀಲವನ್ನೂ ಅಲ್ಲೇ ಬಿಟ್ಟು, ಫೋನನ್ನಷ್ಟೇ ಹಿಡಿದು ಹೊರಟಳು. ಅರ್ಧ ತರಗತಿಗೆ ಎದ್ದು ಹೋಗುವವಳನ್ನು ಮೇಡಂ ಬೈಯಲಿಲ್ಲ. ಅವಳ ಮುಖ ನೋಡಿ ಹೋಗಲು ಬಿಟ್ಟರು.

ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು. ಬಸ್ಸಿಗೆ ಕಾಯುವ ತಾಳ್ಮೆ ಅವಳಿಗೆ ಯಾವತ್ತೂ ಇರಲಿಲ್ಲ, ಆವತ್ತು ಎಲ್ಲಿಂದ ಬರಬೇಕು. ನಡೆದಳು, ನಡೆಯುತ್ತ ಓಡಿದಳು, ಓಡುತ್ತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ದವಡೆ ನೋವು ತರಕಾರಿಯಿಂದಲೇ ಇರಬಹುದು. ಅಣ್ಣನಿಗೇನು, ಗುಂಡುಕಲ್ಲಿನಂತಿದ್ದಾನೆ. ನಾಳೆ ಒಂದು ದಿನ ಕಳೆದರೆ ಸರ್ಟಿಫಿಕೇಟು. ಒಂದೇ ಒಂದು ದಿನ. ಈ ಯೋಚನೆ ಬಂದದ್ದೇ ತಡ, ಅವಳಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಅಸಹ್ಯ ಹುಟ್ಟಿದರೂ ಯೋಚನೆ ಹೋಗಲಿಲ್ಲ. ಅಂಗಡಿಯವರೆಗೂ ಜೊತೆಯಲ್ಲೇ ಬಂತು.

ಅಂಗಡಿ ತೆರೆದಿತ್ತು. ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಗಳು ನೇತಾಡುತ್ತಿದ್ದವು. ಅಣ್ಣ ಮೇಜಿನ ಇಕ್ಕಳದಲ್ಲಿ ಒಂದು ಕೀಲಿ ಸಿಕ್ಕಿಸಿಕೊಂಡು ಅರದಿಂದ ಉಜ್ಜುತ್ತಿದ್ದ. ಇವಳನ್ನು ಕಂಡು, ಏನು ಪರೀಕ್ಷೆ ಇವತ್ತೇ ಮುಗಿಸಿಬಿಟ್ಟರಾ ಅಂದ. ಅವಳು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ಬಾಯಿಯ ತುದಿಗೆ ಬಂದದ್ದು, ಆರಾಮಾಗಿದ್ದೀಯ ಅಲ್ವಾ ಎಂಬುದೇ. ಅದನ್ನು ನುಂಗಿದಳು.

"ಅಣ್ಣ, ಮೈ ಹೇಗಿದೆ?" ಅಂದಳು. ಅಷ್ಟೇ ಅಂದು ನಿಲ್ಲಿಸಿದಳು.

ಅವನು, ಅದಕ್ಕೇನಾಗಿದೆ, ನಿನ್ನ ಎಲೆಕೋಸಿನ ದಯೆಯಿಂದ ಗಟ್ಟಿಮುಟ್ಟಾಗಿದೆ ಎಂದ. ಮುಂದೆ ಅವಳು ಏನಾದರೂ ಹೇಳುತ್ತಾಳೆ ಎಂದು ಕಾದ. ಅವಳು ಹೇಳಲಿಲ್ಲ. ಅವನು ಇನ್ನೆರಡು ಸಲ ಅರ ಎಳೆದ. ಒಬ್ಬ ಹೆಂಗಸು ಬಂದು ಸೈಕಲ್ ಬೀಗದ ಕೀಲಿ ಕೇಳಿದಳು. ಅವನು ಅಳತೆ ನೋಡಿ, ಯಂತ್ರಕ್ಕೆ ಹಿಡಿದು, ಕಿರ್ರೆಂದು ಕೊರೆದು ಕೊಟ್ಟು ಕಳಿಸಿದ. ಅವಳು ಅಲ್ಲೇ ಕೂತಿದ್ದಳು. ಬಲಗಾಲು ತಾನಾಗಿಯೇ ಕುಣಿಯುತ್ತಿತ್ತು, ಅದರ ಮೇಲೆ ಎರಡೂ ಕೈ ಒತ್ತಿ ಹಿಡಿದಿದ್ದಳು. ಏನಾದರೊಂದು ಮಾತಾಡು, ಯಾವುದಾದರೂ, ಎಂದು ಅವಳ ಮೈಯೆಲ್ಲ ಗೋಗರೆಯುತ್ತಿತ್ತು. ಆ ಸ್ಟೂಲಿನ ಮೇಲೆ ಕೂತದ್ದು ಅವಳು ಜೀವನದಲ್ಲಿ ಮಾಡಿದ ಅತಿ ಕಷ್ಟದ ಕೆಲಸ. ಯಾರೂ ನಂಬುವುದಿಲ್ಲ, ಆದರೆ ಅವಳನ್ನು ಬಲ್ಲವರು ನಂಬುತ್ತಾರೆ.

ಅಣ್ಣನಿಗೆ ಕಸಿವಿಸಿಯಾಯಿತು. "ಏನೇ ಇದು, ಮಾತೇ ಇಲ್ಲ ಇವತ್ತು. ಯಾರಾದ್ರೂ ಏನಾದ್ರೂ ಅಂದ್ರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನನ್ನೇ ನೋಡಿದಳು. ಎಷ್ಟು ದಿನದ ನಂತರ ಹೀಗೆ ನೋಡುತ್ತಿದ್ದಾಳೋ. ಬಿಸಿಲೇ ಬಾರದ ಆ ಸಂದಿಯಲ್ಲೂ ಅವನ ಹಣೆಯ ಮೇಲೆ ಬೆವರಿತ್ತು. ತುಟಿಯ ಸುತ್ತ ಬಣ್ಣ ಬೂದಿ ಬೂದಿ. ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಲಗೈಯೊಂದರಲ್ಲೇ ಕೆಲಸ ಮಾಡುತ್ತಿದ್ದ. ಇದು ಇವತ್ತಿನದಲ್ಲ ಎಂದು ಅವಳಿಗೆ ಗೊತ್ತಾಯಿತು. ಒಂದೂವರೆ ತಿಂಗಳು ಈ ಮೈ ಅವಳ ಕೈಯಲ್ಲೇ ಇತ್ತು.

ಅವನು ಅರವನ್ನು ಕೆಳಗಿಟ್ಟ. ಕೈ ಒರೆಸಿಕೊಂಡ. ಬೀದಿಯ ಕಡೆ ನೋಡುತ್ತ, ತನಗೆ ತಾನೇ ಹೇಳಿಕೊಳ್ಳುವಂತೆ ಶುರುಮಾಡಿದ.

"ಮೆಟ್ಟಿಲು ಹತ್ತಕ್ಕಾಗಲ್ಲ ಕಣೇ. ಒಂದು ಮಹಡಿ ಹತ್ತೋಷ್ಟರಲ್ಲಿ ಎದೆ ಮೇಲೆ ಯಾರೋ ಕೂತ ಹಾಗಾಗುತ್ತೆ. ನಿಂತ್ಕೊಂಡ್ರೆ ಹೋಗುತ್ತೆ. ಅದಕ್ಕೇ ಕೀಲಿ ಹುಡುಕೋ ನೆಪ ಮಾಡ್ತಿದ್ದೆ. ಮೊದಲು ಹತ್ತುವಾಗ ಮಾತ್ರ ಬರ್ತಿತ್ತು. ಈಗೊಂದು ವಾರದಿಂದ ಕೂತಲ್ಲೂ ಬರ್ತಿದೆ. ಈಗಲೂ ಇದೆ."

ಅವಳು ಉಸಿರು ಬಿಡಲಿಲ್ಲ. ಅವನು ಇನ್ನೂ ಮುಗಿಸಿರಲಿಲ್ಲ.

"ನಾಳೆ ನಿನ್ ಪರೀಕ್ಷೆ ಆಗ್ಲಿ, ಆಮೇಲೆ ಆಸ್ಪತ್ರೆಗೆ ತೋರಿಸೋಣ ಅಂತಿದ್ದೆ. ಈಗ ಹೋದ್ರೆ ನಿಂದು ಇದೂ ಅರ್ಧಕ್ಕೇ ನಿಲ್ಲುತ್ತಲ್ಲ. ಅರ್ಧಮ್ಮ ಅರ್ಧಮ್ಮ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೋನು ನಾನೇ. ನಾನೇ ಅಡ್ಡ ಬಂದ್ರೆ ಹೇಗೆ."

ಅವಳಿಗೆ ಅಳು ಬಂದದ್ದು ಆಮೇಲೆ. ಆ ಕ್ಷಣಕ್ಕೆ ಬಂದದ್ದು ಕೋಪ. ನೀನೊಬ್ಬ ಮನುಷ್ಯನಾ, ಜೀವಕ್ಕಿಂತ ನನ್ನ ಒಂದು ಚೂರು ಕಾಗದ ದೊಡ್ಡದಾಯಿತಾ ಎಂದು ಕಿರುಚಬೇಕೆನ್ನಿಸಿತು. ಆದರೆ ಕಿರುಚಲು ಅವಳಿಗೇನು ಹಕ್ಕಿತ್ತು? ಆ ಕಾಗದವನ್ನು ಅಷ್ಟು ದೊಡ್ಡದು ಮಾಡಿದವಳು ಅವಳೇ. ಅವನು ಮೂರು ಸಲ ಬಾಗಿಲು ತಟ್ಟಿದ್ದ, ದವಡೆ ಎಂದು, ಕೈ ಎಂದು, ಬೆವರು ಎಂದು. ಮೂರು ಸಲವೂ ಅವಳು ಒಳಗಿನಿಂದಲೇ, ಯಾರೂ ಇಲ್ಲ ಅಲ್ವಾ ಅಂದಿದ್ದಳು.

ಅವಳು ಫೋನ್ ತೆಗೆದು ಮೇಡಂಗೆ ಮಾಡಿದಳು. ಅಣ್ಣ ಹೇಳಿದ್ದನ್ನು ಅವನದೇ ಮಾತುಗಳಲ್ಲಿ ಹೇಳಿದಳು, ತನ್ನದೊಂದು ಅಕ್ಷರ ಸೇರಿಸಲಿಲ್ಲ. ಮೇಡಂ ಒಂದೇ ಉಸಿರಿನಲ್ಲಿ ಆಂಬುಲೆನ್ಸ್ ಕರೆಸಲು, ಒಂದು ಹೆಜ್ಜೆಯೂ ನಡೆಸದಿರಲು ಹೇಳಿದರು. ಫೋನ್ ಇಡುವ ಮುನ್ನ ಅವಳು ನಾಳೆಯ ವಿಷಯ ಎತ್ತಿದಳು. ಯಾಕೆ ಎತ್ತಿದಳೋ, ಅವಳಿಗೇ ನಾಚಿಕೆಯಾಯಿತು.

"ನಾಳೆ ಇಲ್ಲಮ್ಮ. ಮುಂದಿನ ವರ್ಷ ಬನ್ನಿ, ಕೇಳೋದ್ರಿಂದ ಶುರು ಮಾಡೋಣ" ಅಂದರು ಮೇಡಂ. ಆಮೇಲೆ ಅವರ ಧ್ವನಿ ಇಳಿಯಿತು. "ಆ ಪೆಟ್ಟಿಗೇಲಿ ಅವರನ್ನ ಕೂರಿಸೋಕೆ ಒಪ್ಪಿಗೆ ಕೊಟ್ಟೋಳು ನಾನು. ನಿಮ್ಮ ಮಾತು ನಂಬಿ ಕೊಟ್ಟೆ. ನಾನೂ ಕೇಳ್ಬೇಕಿತ್ತು."

ಅರ್ಧಮ್ಮ ಆಂಬುಲೆನ್ಸಿಗೂ ಅತ್ತಿಗೆಗೂ ಫೋನ್ ಮಾಡಿದಳು. ಅತ್ತಿಗೆ ಮೂರು ಮಹಡಿಯನ್ನೂ ಬರಿಗಾಲಿನಲ್ಲಿ ಇಳಿದು ಬಂದಳು. ಏನಾಯಿತು ಎಂದು ಕೇಳಿದವಳಿಗೆ ಅರ್ಧಮ್ಮ ಸುತ್ತಿ ಬಳಸದೆ ಹೇಳಿದಳು. ತಾನು ಕೇಳಿದ ರೀತಿಯನ್ನೂ ಹೇಳಿದಳು. ಅತ್ತಿಗೆ ಬೈಯಲಿಲ್ಲ. ನಾದಿನಿಯ ಮುಖವನ್ನೊಮ್ಮೆ ನೋಡಿ, ಗಂಡನ ಪಕ್ಕ ಹೋಗಿ ನಿಂತು ಅವನ ಬೆವರು ಒರೆಸತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅರ್ಧಮ್ಮನಿಗೆ ಅನ್ನಿಸಿತು.

ಆಂಬುಲೆನ್ಸ್ ಬಂದಾಗ ಅಂಗಡಿಯ ಬಾಗಿಲನ್ನು ಮುಚ್ಚಿದವಳು ಅವಳೇ. ಬೀಗದಂಗಡಿಗೆ ಹಾಕಿದ್ದು ಒಂದು ಹಳೆಯ ತುಕ್ಕು ಹಿಡಿದ ಬೀಗ, ಬಲವಾಗಿ ಒತ್ತಿದರೂ ಬೀಳದು. ಸ್ಟ್ರೆಚರ್ ಮೇಲಿನಿಂದಲೇ ಅಣ್ಣ, ಸ್ವಲ್ಪ ಎತ್ತಿ ಒತ್ತು ಎಂದು ಹೇಳಿಕೊಟ್ಟ.

ಆಸ್ಪತ್ರೆಯಲ್ಲಿ ಎಲ್ಲವೂ ಬೇಗ ಬೇಗ ನಡೆಯಿತು. ಅವಳಿಗಿಂತ ಅವಸರದ ಜನ ಅಲ್ಲಿದ್ದರು. ಎದೆಗೆ ತಂತಿ ಅಂಟಿಸಿದರು, ರಕ್ತ ತೆಗೆದರು, ನಾಲಿಗೆಯ ಕೆಳಗೆ ಮಾತ್ರೆ ಇಟ್ಟರು. ಡಾಕ್ಟರು ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವಳು, ಕಣ್ಣ ಕೆಳಗೆ ಕಪ್ಪು. ಒಂದು ರಕ್ತನಾಳ ಪೂರ್ತಿ ಮುಚ್ಚುವುದರಲ್ಲಿದೆ, ಈಗಲೇ ಒಳಗೆ ಕರೆದೊಯ್ದು ತೆರೆಯಬೇಕು ಅಂದಳು. ಇವತ್ತು ತಂದದ್ದು ಒಳ್ಳೆಯದಾಯಿತು ಅಂದಳು. ಅಪಾಯವಿಲ್ಲವಾ ಎಂದು ಅತ್ತಿಗೆ ಕೇಳಿದ್ದಕ್ಕೆ, ಇಲ್ಲ ಎಂದು ನಾನು ಹೇಳಲಾರೆ, ನಮ್ಮ ಕೈಲಾದದ್ದನ್ನೆಲ್ಲ ಮಾಡುತ್ತೇವೆ ಎಂದು ಹೇಳಿ ಕೈ ತೊಳೆಯಲು ಹೋದಳು. ಅತ್ತಿಗೆ ಎಲ್ಲಿ ಸಹಿ ಹಾಕಬೇಕೆಂದು ಕೇಳುತ್ತ ಕೌಂಟರಿನ ಕಡೆ ನಡೆದಳು.

ಒಂದು ಗಳಿಗೆ ಅಣ್ಣ ತಂಗಿ ಇಬ್ಬರೇ ಉಳಿದರು. ಅವನನ್ನು ಮಲಗಿಸಿದ್ದ ಗಾಲಿ ಮಂಚ ದೊಡ್ಡ ಜೋಡಿ ಬಾಗಿಲಿನ ಮುಂದೆ ನಿಂತಿತ್ತು, ಒಳಗಿನವರು ಕರೆಯುವುದಕ್ಕೆ ಕಾಯುತ್ತ. ಅಂಗಿ ಬಿಚ್ಚಿ ಹಸಿರು ಬಟ್ಟೆ ಹೊದಿಸಿದ್ದರು. ಕೀಲಿ ಗೊಂಚಲನ್ನು ತೆಗೆದು ಅವಳ ಕೈಗೆ ಕೊಟ್ಟಿದ್ದರು. ಅದನ್ನು ಹಿಡಿದುಕೊಂಡು ಅವಳು ಮಂಚದ ಪಕ್ಕ ನಿಂತಿದ್ದಳು. ಕಾಲು ಅಲ್ಲಾಡುತ್ತಿರಲಿಲ್ಲ, ಅದು ಅವಳ ಗಮನಕ್ಕೂ ಬಂದಿರಲಿಲ್ಲ.

ಅವನು ಚಾವಣಿ ನೋಡುತ್ತಿದ್ದ. ತಮಾಷೆ ಮಾಡಲು ಏನಾದರೂ ಸಿಗುತ್ತದೆಯೇ ಎಂದು ಹುಡುಕುವವನಂತೆ ತುಟಿ ಎರಡು ಸಲ ಅಲ್ಲಾಡಿತು. ಏನೂ ಸಿಗಲಿಲ್ಲ. ಆಮೇಲೆ ಅವಳ ಕಡೆ ತಿರುಗಿದ. ಇಷ್ಟು ವರ್ಷದಲ್ಲಿ ಅಣ್ಣ ಹೆದರಿದ್ದನ್ನು ಅವಳು ಕಂಡಿರಲಿಲ್ಲ. ಈಗ ಕಂಡಳು.

"ನಂಗೇನೂ ಆಗಲ್ಲ ಅಲ್ವಾ?" ಅಂದ.

ಎರಡು ವರ್ಷ ಕಲಿತದ್ದೆಲ್ಲ ಅವಳಿಗೆ ನೆನಪಿತ್ತು. ಬಾಲದಲ್ಲಿ ಅದಿದ್ದರೆ ಅದು ಪ್ರಶ್ನೆಯಲ್ಲ. ಡಾಕ್ಟರು ಹೇಳಿದ್ದೂ ಕಿವಿಯಲ್ಲಿತ್ತು. ಅವನು ಕಾಯುತ್ತಿದ್ದ. ಒಂದೂವರೆ ತಿಂಗಳು ತಾನು ಅವನ ಹೂಂಗೆ ಯಾವ ಆಸೆಯಿಂದ ಕಾದಿದ್ದಳೋ, ಅದೇ ಆಸೆಯಿಂದ ಅವನೀಗ ಅವಳ ಮುಖವನ್ನು ನೋಡುತ್ತಿದ್ದ. ಅವನು ಪ್ರತಿ ಸಲ ಅದನ್ನು ಯಾಕೆ ಕೊಟ್ಟುಬಿಡುತ್ತಿದ್ದನೆಂದು ಅವಳಿಗೆ ಆಗ ತಿಳಿಯಿತು.

"ಹೂಂ" ಅಂದಳು.

ಬಾಗಿಲು ತೆರೆಯಿತು. ಅವನನ್ನು ಒಳಗೆ ತಳ್ಳಿಕೊಂಡು ಹೋದರು.